ಹಿತ್ತಲ ಹೂಗಿಡಕ್ಕೆ ಶಲ್ಕ ಕೀಟದ ಕಾಟ



ಚೆನ್ನಾಗಿ ಹೂ ಬಿಡುತ್ತಿದ್ದ ದಾಸವಾಳ ಒಮ್ಮೊಮ್ಮೆ ಸೊರಗುತ್ತದೆ. ಎಲೆ ಹಳದಿಯಾಗಿ ಉದುರುತ್ತದೆ. ನೀವು ಕೊಡಗಟ್ಟಲೆ ನೀರು ಹೊಯ್ಯುತ್ತೀರಿ, ಗೊಬ್ಬರ ಹಾಕುತ್ತೀರಿ, ಆದರೂ ಗುಣವಿಲ್ಲ. ಅಂಥ ಗಿಡದ ರೆಂಬೆಯನ್ನೊಮ್ಮೆ ಬಗ್ಗಿಸಿ ನೋಡ್ರಿ. ತೊಗಟೆಯ ಮೇಲೆ, ಎಲೆಯ ಕೆಳಗೆ ಕಂದು ಇಲ್ಲವೆ ಬಿಳಿ ಹುರುಪೆ ಅಂಟಿಕೊಂಡಿದೆಯೇ? ಅದೇ ಶಲ್ಕ ಕೀಟ.

ಅದು ಅಲುಗಾಡದು, ಹಾಗಾಗಿ ಹುಳುವೆಂದು ತೋಚುವುದೇ ಇಲ್ಲ. ಉಗುರಿನಿಂದ ಕೆರೆದು ನೋಡಿರಿ. ತೊಗಟೆಯ ಗಂಟಾದರೆ ಬಿಟ್ಟು ಬರುವುದಿಲ್ಲ. ಕೀಟವಾದರೆ ಚಿಪ್ಪು ಕಿತ್ತು ಬರುತ್ತದೆ. ಒಳಗೆ ಹಸಿಯಿದ್ದರೆ ಜೀವವಿದೆ, ಒಣಗಿದ್ದರೆ ಸತ್ತಿದೆ. ಮೊಟ್ಟೆಯೊಡೆದ ಮರಿ ಒಂದೆರಡು ದಿನ ಹರಿದಾಡಿ, ಜಾಗ ಹಿಡಿದು, ಸೊಂಡಿಲು ಚುಚ್ಚಿ ರಸ ಹೀರುತ್ತ ಕೂತುಬಿಡುತ್ತದೆ. ಆಮೇಲೆ ಚಿಪ್ಪು ಹೊದ್ದುಕೊಳ್ಳುತ್ತದೆ. ಆ ಚಿಪ್ಪಿನೊಳಕ್ಕೆ ಔಷಧ ಸುಲಭವಾಗಿ ಇಳಿಯದು. ಸಣ್ಣದೆಂದು ಸಸಾರ ಮಾಡಬೇಡಿ. 1926ರಲ್ಲಿ ಸಿಂಹಳದಿಂದ ತಂದು ಬಿಟ್ಟ ಇದೇ ಬಳಗದ ಕೀಟವೊಂದು ದಕ್ಷಿಣ ದೇಶದ ಪಾಪಸುಕಳ್ಳಿಯ ಹಿಂಡುಗಳನ್ನೇ ಒಣಗಿಸಿಬಿಟ್ಟಿತು!

ಕೆಲವು ಜಾತಿಯವು ಸಿಹಿ ಅಂಟು ಸುರಿಸುತ್ತವೆ. ಅದಕ್ಕೆ ಇರುವೆ ಮುತ್ತುತ್ತದೆ; ಎಲೆಯ ಮೇಲೆ ಕಾಡಿಗೆಯಂಥ ಬೂಷ್ಟು ಬೆಳೆಯುತ್ತದೆ. ಇರುವೆ ದನಗಾಹಿಯ ಹಾಗೆ ಕೀಟವನ್ನು ಕಾಯುತ್ತ, ಅದನ್ನು ತಿನ್ನಬಂದ ಗುಲಗಂಜಿ ಹುಳುವನ್ನು ಓಡಿಸುತ್ತದೆ. ಸಂಡೂರಿನ ಕಡೆ ಅದಿರಿನ ಲಾರಿ ಓಡಾಡುವ ದಾರಿಯ ಮಗ್ಗುಲಲ್ಲಿ ಕೆಂಧೂಳು ಎಲೆಯನ್ನು ಮುಚ್ಚುತ್ತದೆ. ಧೂಳಿನಲ್ಲಿ ಮಿತ್ರ ಕೀಟಗಳ ಕೆಲಸ ಸಾಗದು. ಅಲ್ಲಿಯವರು ಆಗಾಗ ಎಲೆಗೆ ನೀರೆರಚಿ ತೊಳೆಯುವುದೇ ಅರ್ಧ ಮದ್ದು.

ಇನ್ನು ಉಪಾಯ ಕೇಳಿರಿ. ಮೊದಲನೆಯದು, ಹೆಚ್ಚು ಹತ್ತಿದ ರೆಂಬೆಯನ್ನು ಕತ್ತರಿಸಿ ಸುಡಿರಿ. ಕಣಗಿಲೆಯನ್ನು ಮಾತ್ರ ಸುಡಬೇಡಿ, ಅದರ ಹೊಗೆಯೂ ವಿಷ. ದನಕರು ಬಾಯಿ ಹಾಕದಂತೆ ಆಳವಾಗಿ ಹೂಳಿರಿ. ಎರಡನೆಯದು, ಉಳಿದುದನ್ನು ಸೋಪಿನ ನೀರಲ್ಲಿ ಅದ್ದಿದ ಬಟ್ಟೆಯಿಂದ ಉಜ್ಜಿ ತೆಗೆಯಿರಿ. ಇರುವೆ ಹತ್ತದಂತೆ ಬುಡಕ್ಕೆ ಬಟ್ಟೆ ಸುತ್ತಿ, ಬಟ್ಟೆಯ ಮೇಲೆ ಗ್ರೀಸು ಸವರಿರಿ. ಮೂರನೆಯದು, 1 ಲೀಟರು ನೀರಿಗೆ 5 ಮಿಲಿ ಬೇವಿನೆಣ್ಣೆ ಹಾಕಿ, ಬೆರೆಯುವಂತೆ ತುಸು ಸೋಪು ಕಲಕಿ, ಸಂಜೆ ಹೊತ್ತು ಎಲೆಯ ಕೆಳಗೂ ತಗಲುವಂತೆ ಸಿಂಪಡಿಸಿರಿ. ಮೊದಲು ಒಂದೇ ರೆಂಬೆಗೆ ಹೊಡೆದು ಎರಡು ದಿನ ನೋಡಿರಿ. 10-15 ದಿನಕ್ಕೊಮ್ಮೆ ಎರಡು ಮೂರು ಸಲ ಹೊಡೆದರೆ ಹೊಸದಾಗಿ ಹೊರಟ ಮರಿಯೂ ಸಿಕ್ಕುತ್ತದೆ.

ಕಡೆಗೊಂದು ಮಾತು. ಹೊಸಪೇಟೆ, ಕಂಪ್ಲಿ ಕಡೆ ಕಬ್ಬಿಗೋ ಭತ್ತಕ್ಕೋ ತಂದ ವಿಷ ಮನೆಯಲ್ಲಿದೆಯೆಂದು ಹೂಗಿಡಕ್ಕೆ ಹೊಡೆಯಬೇಡಿ. ಆ ಹೂ ಹಂಪಿಯ ವಿರೂಪಾಕ್ಷನಿಗೂ ಏರುತ್ತದೆ, ಮಗಳ ಜಡೆಗೂ ಏರುತ್ತದೆ. ಕೂಸು ಕಿತ್ತು ಬಾಯಿಗೂ ಇಡುತ್ತದೆ. ಗುಲಗಂಜಿ ಹುಳುವೂ ಆ ವಿಷಕ್ಕೆ ಸಾಯುತ್ತದೆ. ಕಬ್ಬಿಗೆ ಹತ್ತುವ ಶಲ್ಕ ಕೀಟ ಬೇರೆ ಜಾತಿ. ಅದಕ್ಕೆ ಕೀಟವಿಲ್ಲದ ಬಿತ್ತನೆ ತುಂಡು ಆರಿಸುವುದು, ರವದಿ ಸುಲಿಯುವುದು ಮುಖ್ಯ.

ಸಂತೆಯಿಂದ ಹೊಸ ಸಸಿ ತಂದಾಗಲೂ ಎಲೆ ಮಗುಚಿ ನೋಡಿಯೇ ನೆಡಿರಿ.