ಟೊಂಕದ ನೋವಿನ ಗುಳಿಗೆ: ಬಿಡೋದಕ್ಕೂ ಒಂದು ಕ್ರಮ ಇದೆ

ಬ್ಯಾಡಗಿ ಅಂದ ಕೂಡಲೇ ಎಲ್ಲರಿಗೂ ನೆನಪಾಗೋದು ಕೆಂಪು ಮೆಣಸಿನಕಾಯಿ. 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಸಿಕ್ಕಿತು. ಆದರೆ ಆ ಕಾಯಿಯ ತೊಟ್ಟು ಬಿಡಿಸೋಕೆ ಬೆಳಗಿನಿಂದ ಸಂಜೆವರೆಗೆ ನೆಲದ ಮೇಲೆ ಕೂರುವ ಹೆಣ್ಣುಮಕ್ಕಳ ಟೊಂಕ, ಮೊಣಕಾಲುಗಳ ಬಗ್ಗೆ ಮಾತಾಡೋರು ಕಡಿಮೆ. ರಾಣೆಬೆನ್ನೂರು ಕಡೆ ಬಂದರೆ ಬೀಜೋತ್ಪಾದನೆಯ ಹೊಲಗಳಲ್ಲಿ ಕ್ರಾಸಿಂಗ್ ಕೆಲಸ. ಅಲ್ಲೂ ಗಿಡದಿಂದ ಗಿಡಕ್ಕೆ ಬಗ್ಗಿಯೇ ಇರಬೇಕು. ನಾನು ಇದೇ ಹಾವೇರಿ ಜಿಲ್ಲೆಯವನು, ಈಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್. ಊರಿಗೆ ಹೋದಾಗಲೆಲ್ಲ ಕಿವಿಗೆ ಬೀಳುವ ಮಾತು ಒಂದೇ: "ಟೊಂಕದ ಬ್ಯಾನಿ ತಡಿಯಾಕ ಆಗವಲ್ದು. ಒಂದ್ ಗುಳಿಗಿ ತಗೊಂಡ್ರ ಆತು."

ಯಾವ ಗುಳಿಗೆ? ಅದನ್ನ ಯಾರೂ ಕೇಳೋದಿಲ್ಲ. ಸಮಸ್ಯೆ ಶುರುವಾಗೋದು ಅಲ್ಲೇ.

ಬ್ಯಾಡಗಿಯಲ್ಲಿರುವ ನಮ್ಮ ದೊಡ್ಡವ್ವನದ್ದೂ ಅದೇ ಕಥೆ. ಟೊಂಕದ ನೋವಿಗೆ ಅಂತ ಒಂದು ವಾರಕ್ಕೆ ಬರೆದುಕೊಟ್ಟ ಗುಳಿಗೆ ನಾಲ್ಕು ವರ್ಷ ನಡೆಯಿತು. ಹಳೇ ಚೀಟಿ ತೋರಿಸಿದರೆ ಸಾಕು, ಅಂಗಡಿಯಲ್ಲಿ ಸಿಗುತ್ತಿತ್ತು. ಮೊದಲು ದಿನಕ್ಕೆ ಒಂದು ಇದ್ದದ್ದು ಮೂರಾಯಿತು. ಗುಳಿಗೆ ಪಟ್ಟಿಯ ಹಿಂದೆ ಟ್ರಾಮಡಾಲ್ ಅಂತ ಬರೆದಿತ್ತು.

ಬರೀ ನೋವಿನ ಗುಳಿಗೆ ಅಲ್ಲ

ಟ್ರಾಮಡಾಲ್ ಓಪಿಯಾಯ್ಡ್ ಗುಂಪಿನ ಔಷಧಿ. ಅಫೀಮಿನಿಂದ ಬರುವ ಮಾರ್ಫಿನ್ ಮಿದುಳು ಮತ್ತು ನರಗಳ ಯಾವ ಗ್ರಾಹಕಗಳ ಮೇಲೆ ಕೆಲಸ ಮಾಡುತ್ತದೋ, ಇದೂ ಅಲ್ಲೇ ಹೋಗಿ ಕೂರುತ್ತದೆ. ಟ್ಯಾಪೆಂಟಡಾಲ್, ಕೋಡೀನ್ ಕೂಡ ಇದೇ ಗುಂಪಿನವು. 2018ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಟ್ರಾಮಡಾಲನ್ನು ಮಾದಕವಸ್ತು ನಿಯಂತ್ರಣದ ಎನ್‌ಡಿಪಿಎಸ್ ಕಾಯ್ದೆಯ ಪಟ್ಟಿಗೆ ಸೇರಿಸಿತು. ವೈದ್ಯರ ಚೀಟಿ ಇಲ್ಲದೆ ಇದನ್ನು ಮಾರುವ ಹಾಗಿಲ್ಲ.

ಆಪರೇಷನ್ ಆದಾಗ, ಮೂಳೆ ಮುರಿದಾಗ ಕೆಲವು ದಿನ ಇಂಥ ಔಷಧಿ ಬಹಳ ಉಪಕಾರಿ. ತಿಂಗಳುಗಟ್ಟಲೆ ತೆಗೆದುಕೊಂಡರೆ ಮಾತು ಬೇರೆ. ಮೈ ಒಗ್ಗಿಹೋಗುತ್ತದೆ, ಅದೇ ಡೋಸ್ ಸಾಲದಾಗುತ್ತದೆ. ಮಲಬದ್ಧತೆ, ತಲೆಸುತ್ತು, ಮಂಪರು ಜೊತೆಗೇ ಬರುತ್ತವೆ. ಕೆಲವರಲ್ಲಿ ನೋವಿನ ಸೂಕ್ಷ್ಮತೆಯೇ ಹೆಚ್ಚಾಗಿಬಿಡುತ್ತದೆ. ಟ್ರಾಮಡಾಲ್ ಡೋಸ್ ಮೀರಿದರೆ ಫಿಟ್ಸ್ ಬರುವ ಅಪಾಯವೂ ಇದೆ. ನಿದ್ದೆ ಗುಳಿಗೆ ಅಥವಾ ಸಾರಾಯಿ ಜೊತೆ ಸೇರಿದರೆ ಉಸಿರಾಟವೇ ನಿಧಾನವಾಗಿ ಜೀವಕ್ಕೆ ಕುತ್ತು ಬರಬಹುದು.

ಒಮ್ಮೆಲೇ ಬಿಟ್ಟಾಗ

ದೊಡ್ಡವ್ವನ ಮಗ ಎಲ್ಲೋ 'ನಶೆ ಗುಳಿಗೆ' ಅಂತ ಸುದ್ದಿ ನೋಡಿ ಗಾಬರಿಯಾಗಿ ಮನೆಯಲ್ಲಿದ್ದ ಪಟ್ಟಿಗಳನ್ನೆಲ್ಲ ಕಸಕ್ಕೆ ಎಸೆದ. ಮರುದಿನ ಸಂಜೆಯಿಂದ ಆಕೆಗೆ ಬೆವರು, ಮೂಗು ಸೋರೋದು, ಮೇಲಿಂದ ಮೇಲೆ ಆಕಳಿಕೆ, ಭೇದಿ. ಕಾಲು ಒಂದು ಕಡೆ ಇಡೋಕಾಗದಷ್ಟು ಚಡಪಡಿಕೆ. ಎರಡು ರಾತ್ರಿ ಕಣ್ಣು ಮುಚ್ಚಲಿಲ್ಲ. "ನಂಗೇನೋ ಗಾಳಿ ಬಡದೈತೋ ತಮ್ಮಾ" ಅಂತ ಫೋನಿನಲ್ಲಿ ಅತ್ತಳು.

ಹಾವೇರಿಯಲ್ಲಿ ವೈದ್ಯರಿಗೆ ತೋರಿಸಿದೆವು. ಅವರು ಬೈಯಲಿಲ್ಲ. "ಅಮ್ಮಾ, ಇದು ನಿಮ್ಮ ಚಟ ಅಲ್ರೀ. ನಿಮ್ಮ ಮೈ ಈ ಗುಳಿಗಿಗೆ ಒಗ್ಗೇತಿ. ಒಮ್ಮೆಲೇ ಕಿತ್ತುಕೊಂಡ್ರ ಮೈ ಹಿಂಗ ಜಗಳಾ ತಗೀತೈತಿ. ನಿಧಾನಕ್ಕ ಇಳಿಸೋಣು" ಅಂದರು. ಆ ಒಂದು ಮಾತಿಗೇ ದೊಡ್ಡವ್ವನಿಗೆ ಅರ್ಧ ಸಮಾಧಾನವಾಯಿತು.

ಔಷಧಿ ಕಡಿಮೆ ಮಾಡೋದರ ಬಗ್ಗೆ ಹೊರದೇಶಗಳು ಕಷ್ಟಪಟ್ಟು ಕಲಿತ ಪಾಠವೂ ಇದೇ. ಅಮೆರಿಕದಲ್ಲಿ ಓಪಿಯಾಯ್ಡ್ ಹಾವಳಿ ಮಿತಿಮೀರಿದಾಗ ಕೆಲವು ಕಡೆ ರೋಗಿಗಳಿಗೆ ಏಕಾಏಕಿ ಔಷಧಿ ನಿಲ್ಲಿಸಿದರು. ಅದರಿಂದ ವಿಪರೀತ ನೋವು, ಮಾನಸಿಕ ಯಾತನೆ, ಆತ್ಮಹತ್ಯೆಗಳೂ ಆದವೆಂದು 2019ರಲ್ಲಿ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಎಚ್ಚರಿಸಿತು. ಒಂದು ವರ್ಷಕ್ಕಿಂತ ಹೆಚ್ಚು ಕಾಲ ತೆಗೆದುಕೊಂಡವರಿಗೆ ತಿಂಗಳಿಗೆ ಶೇ 10ರಷ್ಟು ಅಥವಾ ಇನ್ನೂ ನಿಧಾನವಾಗಿ ಇಳಿಸಿದರೆ ತಡೆದುಕೊಳ್ಳೋದು ಸುಲಭ ಅಂತ 2022ರ ಸಿಡಿಸಿ ಮಾರ್ಗಸೂಚಿ ಹೇಳುತ್ತದೆ.

ಇಳಿಸುವ ದಾರಿ

ಈ ಲೆಕ್ಕವನ್ನು ಮನೆಯಲ್ಲೇ ಹಾಕಿಕೊಳ್ಳಬಾರದು. ಕೆಲವು ಗುಳಿಗೆಗಳು ಹೊಟ್ಟೆಯಲ್ಲಿ ನಿಧಾನವಾಗಿ ಕರಗುವಂಥವು. ಅವನ್ನು ಮುರಿದರೆ, ಜಗಿದರೆ ಇಡೀ ಡೋಸ್ ಒಮ್ಮೆಲೇ ಮೈಗೆ ಸೇರುತ್ತದೆ. ವೈದ್ಯರು ಬರೆದುಕೊಟ್ಟ ಕ್ರಮವನ್ನು ನಾನು ದೊಡ್ಡ ಅಕ್ಷರದಲ್ಲಿ ಒಂದು ಹಾಳೆ ಮೇಲೆ ಬರೆದು ಗೋಡೆಗೆ ಅಂಟಿಸಿದೆ. ನುಂಗಿದ ಮೇಲೆ ದೊಡ್ಡವ್ವ ಅದಕ್ಕೊಂದು ಗೀಟು ಹಾಕೋದು. ಒಂದು ತಿಂಗಳು ತ್ರಾಸಾದಾಗ ವೈದ್ಯರು ಡೋಸ್ ಇಳಿಸದೆ ಅಲ್ಲೇ ನಿಲ್ಲಿಸಿದರು. ಹಾಗೆ ನಿಲ್ಲಿಸೋದು ಸೋಲಲ್ಲ. ಒಟ್ಟು ಎಂಟು ತಿಂಗಳು ಹಿಡಿಯಿತು.

ಗುಳಿಗೆ ಕಡಿಮೆಯಾದಂತೆ ಆ ಜಾಗಕ್ಕೆ ಬೇರೆ ಏನಾದರೂ ಬರಬೇಕಲ್ಲ? ಫಿಸಿಯೋಥೆರಪಿಯವರು ಹೇಳಿಕೊಟ್ಟ ಬೆನ್ನಿನ ವ್ಯಾಯಾಮ, ಬಿಸಿನೀರಿನ ಶಾಖ, ನೆಲದ ಬದಲು ಎತ್ತರದ ಮಣೆ, ಅರ್ಧ ತಾಸಿಗೊಮ್ಮೆ ಎದ್ದು ನಾಲ್ಕು ಹೆಜ್ಜೆ. ಕೊನೆಯದು ಕೇಳೋಕೆ ಸುಲಭ. ಆದರೆ ತೊಟ್ಟು ಬಿಡಿಸೋದಕ್ಕೆ ಕೂಲಿ ಕಿಲೋ ಲೆಕ್ಕದಲ್ಲಿ. "ಎದ್ದು ಅಡ್ಡಾಡಿದ್ರ ಕಿಲೋ ಕಮ್ಮಿ ಆಗ್ತಾವಲ್ಲೋ, ರೊಕ್ಕಾ ನೀ ಕೊಡ್ತೀಯೇನು?" ಅಂತ ಆಕೆ ಕೇಳಿದಾಗ ನನ್ನ ಹತ್ತಿರ ಉತ್ತರ ಇರಲಿಲ್ಲ. ವಿಶ್ರಾಂತಿ ಕೊಡದ ಕೆಲಸವೇ ಆಕೆಯನ್ನು ಗುಳಿಗೆಗೆ ದೂಡಿತ್ತು. ಈಗ ಕೂಲಿ ಸ್ವಲ್ಪ ಕಡಿಮೆ, ಆ ಕೊರತೆಯನ್ನು ಮನೆಯವರು ತುಂಬಿಕೊಡುತ್ತೇವೆ. ನೋವು ಪೂರ್ತಿ ಹೋಗಿಲ್ಲ. ಆದರೆ ಮಂಪರಿಲ್ಲ, ಹೊಟ್ಟೆ ಸರಿ ಇದೆ. ಮೊಮ್ಮಗಳ ಜೊತೆ ಬಸ್ಸು ಹತ್ತಿ ಹಾವೇರಿಗೆ ಹೋಗಿಬರುತ್ತಾಳೆ.

ನೀವು ಮಾಡಬಹುದಾದದ್ದು

ಮನೆಯಲ್ಲಿ ಹಿರಿಯರು ದಿನಾ ನುಂಗುವ ನೋವಿನ ಗುಳಿಗೆಯ ಪಟ್ಟಿ ತಿರುಗಿಸಿ ಹೆಸರು ಓದಿ. ಟ್ರಾಮಡಾಲ್, ಟ್ಯಾಪೆಂಟಡಾಲ್, ಕೋಡೀನ್ ಇದ್ದರೆ ಎಸೆಯಬೇಡಿ, ಬೈಯಬೇಡಿ. ಅವರು ತೆಗೆದುಕೊಳ್ಳುವ ಎಲ್ಲ ಔಷಧಿಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ವೈದ್ಯರ ಹತ್ತಿರ ಹೋಗಿ. ಡೋಸ್ ಇಳಿಸಿದ ಮೇಲೆ ನೋವು ಜಾಸ್ತಿಯಾಯಿತು ಅಂತ ಹಳೇ ಡೋಸಿಗೆ ಒಮ್ಮೆಲೇ ವಾಪಸ್ ಹೋಗಬೇಡಿ. ಅಷ್ಟು ಹೊತ್ತಿಗೆ ಮೈ ಅದನ್ನು ತಾಳುವ ಶಕ್ತಿ ಕಳೆದುಕೊಂಡಿರುತ್ತದೆ. ಬಿಡೋದು ತೀರಾ ಕಷ್ಟವಾದರೆ ಧಾರವಾಡದ ಡಿಮ್ಹಾನ್ಸ್‌ನಂಥ ಕಡೆ ತೋರಿಸಬಹುದು. ನಿದ್ದೆಗೇಡು, ಆತಂಕ ಕಾಡಿದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕನ್ನಡದಲ್ಲೇ ಮಾತಾಡಬಹುದು.

ಇನ್ನೊಂದು ಮಾತು. ಕ್ಯಾನ್ಸರ್ ನೋವಿನ ಲೆಕ್ಕವೇ ಬೇರೆ. ಅಲ್ಲಿ ಮಾರ್ಫಿನ್ ಬೇಕಾಗುತ್ತದೆ, ವೈದ್ಯರು ಕೊಟ್ಟರೆ ಹೆದರಿ ನಿಲ್ಲಿಸಬಾರದು. ಯಾವ ನೋವಿಗೆ ಯಾವ ಔಷಧಿ, ಎಷ್ಟು ದಿನ ಅಂತ ಮೊದಲ ದಿನವೇ ಕೇಳಿ ತಿಳಿದುಕೊಳ್ಳಿ. ಹಾಗೆ ಕೇಳಿದರೆ ಡಾಕ್ಟರಿಗೆ ಅವಮಾನ ಮಾಡಿದಂತೇನೂ ಆಗೋದಿಲ್ಲ.