ಷಡ್ಜ-ಪಂಚಮಕ್ಕೆ ಮರಳಿದ ಹೆವಿ ಮೆಟಲ್

ಮೈಸೂರು ಸಂಸ್ಥಾನ 1918ರಲ್ಲಿ ಸ್ಥಾಪಿಸಿದ, 1923ರಲ್ಲಿ ಉತ್ಪಾದನೆ ಆರಂಭಿಸಿ ಕೆಮ್ಮಣ್ಣುಗುಂಡಿಯ ಅದಿರನ್ನು ಮಲೆನಾಡಿನ ಇದ್ದಿಲಿನಿಂದ ಕರಗಿಸಿದ ಕಬ್ಬಿಣದ ಕಾರ್ಖಾನೆಯೇ ಭದ್ರಾವತಿಗೆ ಉಕ್ಕಿನ ನಗರಿ ಎಂಬ ಹೆಸರು ತಂದಿತು. ಹೆವಿ ಮೆಟಲ್ ಎಂಬ ಸಂಗೀತ ಪ್ರಕಾರವೂ ಇಂಥದೇ ಲೋಹೋದ್ಯಮದ ಊರಾದ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ, 1968ರಲ್ಲಿ ಒಂದುಗೂಡಿದ ಬ್ಲ್ಯಾಕ್ ಸಬತ್ ತಂಡದಿಂದ ರೂಪು ತಳೆಯಿತು. ಅದರ ಗಿಟಾರ್ ವಾದಕ ಟೋನಿ ಅಯೋಮಿ ತಗಡಿನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದಾಗ ಯಂತ್ರಕ್ಕೆ ಸಿಕ್ಕಿ ಬಲಗೈಯ ಎರಡು ಬೆರಳುಗಳ ತುದಿ ಕಳೆದುಕೊಂಡರು. ಎಡಗೈ ವಾದಕರಾದ ಅವರಿಗೆ ತಂತಿ ಒತ್ತುವ ಕೈ ಅದೇ ಆಗಿದ್ದರಿಂದ, ಬೆರಳಿಗೆ ಪ್ಲಾಸ್ಟಿಕ್ ಟೊಪ್ಪಿ ತೊಡಿಸಿ, ತೆಳು ತಂತಿ ಬಿಗಿದು, ಮುಂದೆ ಶ್ರುತಿಯನ್ನೂ ಇಳಿಸಿ ನುಡಿಸತೊಡಗಿದರು. ಈ ಪ್ರಕಾರದ ಗಾಢ ನಾದದ ಹಿಂದೆ ಒಬ್ಬ ಕಾರ್ಮಿಕನ ಗಾಯವಿದೆ.

ಈ ಮೂಲನಾದಕ್ಕೆ ಮರಳಿದ ಹಿರಿಯ ತಂಡವೊಂದು ಕರ್ನಾಟಕದಲ್ಲೇ ಇದೆ. ಬೆಂಗಳೂರಿನಲ್ಲಿ 1998ರಲ್ಲಿ ಹುಟ್ಟಿದ ಕ್ರಿಪ್ಟೋಸ್, ‘ಸ್ಪೈರಲ್ ಅಸೆಂಟ್’ (2004) ಮತ್ತು ‘ದಿ ಆರ್ಕ್ ಆಫ್ ಜೆಮಿನಿ’ (2008) ಆಲ್ಬಂಗಳಲ್ಲಿ, ವೇಗವೇ ಪ್ರಾಣವಾದ ಥ್ರ್ಯಾಶ್ ಶೈಲಿಯನ್ನು ಲಯ ಮತ್ತು ರಚನೆಗಳು ಪದೇ ಪದೇ ಬದಲಾಗುವ ಪ್ರೋಗ್ರೆಸಿವ್ ಶೈಲಿಯೊಂದಿಗೆ ಬೆಸೆದಿತ್ತು. ಜರ್ಮನಿಯ ಪ್ರಸಿದ್ಧ ವಾಕನ್ ಓಪನ್ ಏರ್ ಉತ್ಸವದಲ್ಲಿ 2013ರಲ್ಲಿ ನುಡಿಸಿದ ತಂಡ, ಆ ದೇಶದ ಎಎಫ್ಎಂ ರೆಕಾರ್ಡ್ಸ್ 2016ರಲ್ಲಿ ಹೊರತಂದ ‘ಬರ್ನ್ ಅಪ್ ದಿ ಇಮೇಜ್’ ಆಲ್ಬಂನಿಂದ ಹಿಡಿದು ‘ಆಫ್ಟರ್‌ಬರ್ನರ್’ (2019), ‘ಫೋರ್ಸ್ ಆಫ್ ಡೇಂಜರ್’ (2021), ‘ಡೆಸಿಮೇಟರ್’ (2024) ವರೆಗೆ 1980ರ ದಶಕದ ನೇರ, ಸ್ಪಷ್ಟ ಹೆವಿ ಮೆಟಲ್‌ನತ್ತ ಸಾಗಿಬಂದಿದೆ.

ಆ ನಾದದ ಅಡಿಪಾಯ ಪವರ್ ಕಾರ್ಡ್, ಅಂದರೆ ಷಡ್ಜ ಮತ್ತು ಪಂಚಮಗಳನ್ನು ಮಾತ್ರ ಒಟ್ಟಿಗೆ ಮೀಟುವ ಕ್ರಮ. ಆಂಪ್ಲಿಫೈಯರ್‌ನ ಮಿತಿ ಮೀರಿ ಧ್ವನಿಯನ್ನು ಹರಿಸಿ ನಾದವನ್ನು ಒಡೆಯಿಸುವ ಡಿಸ್ಟಾರ್ಷನ್‌ನಲ್ಲಿ ಗಾಂಧಾರ ಸೇರಿದರೆ ಸ್ವರಗಳು ಕಲಸಿಹೋಗುತ್ತವೆ. 2:3ರ ಸರಳ ಅನುಪಾತದಲ್ಲಿ ಕಂಪಿಸುವ ಸ-ಪ ಜೋಡಿಯಾದರೋ ಗಟ್ಟಿಯಾಗಿ ನಿಲ್ಲುತ್ತದೆ. ತಂತಿಗಳು ಗಿಟಾರಿನ ಕುದುರೆಯ ಮೇಲೆ ಕೂರುವಲ್ಲಿ ಅಂಗೈಯ ಅಂಚನ್ನು ಹಗುರವಾಗಿ ಊರಿ, ಮೀಟುಗೋಲಿನಿಂದ ಕೆಳಮುಖವಾಗಿಯೇ ಹೊಡೆಯುತ್ತ ಹೋದಾಗ ನಾದ ಮೊಟಕಾಗಿ ತಾಳವಾದ್ಯದ ಪೆಟ್ಟಿನಂತಾಗುತ್ತದೆ. ಹೀಗೆ ಮತ್ತೆ ಮತ್ತೆ ಮರಳುವ ಪುಟ್ಟ ಸ್ವರಗುಚ್ಛವೇ ರಿಫ್. ಅದರ ಮೇಲೆ ಇನ್ನೊಂದು ಗುಣ ಸೇರುತ್ತದೆ: ಒಂದು ಗಿಟಾರ್ ಷಡ್ಜದಿಂದ ಎತ್ತಿಕೊಂಡ ರಾಗಎಳೆಯನ್ನು ಇನ್ನೊಂದು ಗಾಂಧಾರದಿಂದ ಎತ್ತಿಕೊಂಡು ಜೊತೆಜೊತೆಗೇ ಸಾಗುವ ಜೋಡಿವಾದನ. ಕ್ರಿಪ್ಟೋಸ್‌ನಲ್ಲಿ ಇದು ನೋಲನ್ ಲೂಯಿಸ್ ಮತ್ತು ರೋಹಿತ್ ಚತುರ್ವೇದಿ ಅವರ ಕೆಲಸ.

ಈ ಮರಳುವಿಕೆಯನ್ನು ಹಳೆಯದರ ಹಂಬಲವೆಂದು ತಳ್ಳಿಹಾಕುವುದು ನ್ಯಾಯವಲ್ಲ. 1998ರಲ್ಲಿ ಹುಟ್ಟಿದ ತಂಡಕ್ಕೆ 1980ರ ದಶಕ ಸ್ವಂತ ಯೌವನದ ಕಾಲವಲ್ಲ. ಅದು ತನ್ನ ಹಿಂದಿನ ಪೀಳಿಗೆಯಿಂದ ಪಡೆದ ಪರಂಪರೆ. ಸಂಕೀರ್ಣ ರಚನೆಗಳನ್ನು ಕಟ್ಟಿ ತೋರಿಸಿದ ಮೇಲೆ ಯಾವುದನ್ನು ಬಿಡಬಹುದು ಎಂಬುದನ್ನು ಅರಿತು ನುಡಿಸುವುದು ಅಭ್ಯಾಸದ ಮುಂದಿನ ಘಟ್ಟ. ಆ ದಶಕದ ಹಲವು ಗಾಯಕರಂತೆ ತಾರಸ್ಥಾಯಿಗೆ ಏರದೆ ಲೂಯಿಸ್ ತಮ್ಮ ಒರಟು ಕಂಠವನ್ನೇ ಉಳಿಸಿಕೊಂಡಿರುವುದರಿಂದ ತಂಡಕ್ಕೆ ತನ್ನದೇ ಚಹರೆಯೂ ಉಳಿದಿದೆ.

ಶಿವಮೊಗ್ಗ ಸುಬ್ಬಣ್ಣನವರ ಭಾವಗೀತೆಗಳಿಂದ ಕಿವಿ ತಿದ್ದಿಕೊಂಡ, ಡೊಳ್ಳಿನ ಪೆಟ್ಟನ್ನು ಎದೆಯಲ್ಲಿ ಅನುಭವಿಸಿ ಬಲ್ಲ ಶಿವಮೊಗ್ಗೆಯ ಕೇಳುಗರಿಗೆ ಈ ನಾದ ಅಪರಿಚಿತವಾಗಿ ಉಳಿಯಬೇಕಾದ ಕಾರಣವಿಲ್ಲ. ಭಾವಗೀತೆಯಲ್ಲಿ ಸಾಹಿತ್ಯ ಮುಂದೆ ನಡೆದರೆ ಇಲ್ಲಿ ರಿಫ್ ಮುಂದೆ ನಡೆಯುತ್ತದೆ ಎಂಬುದನ್ನು ಗ್ರಹಿಸಿದರೆ, ಗದ್ದಲವೆಂದು ತೋರಿದ್ದರೊಳಗಿನ ಶಿಸ್ತು ತಾನಾಗಿ ಕೇಳತೊಡಗುತ್ತದೆ. ಶಿವಮೊಗ್ಗೆಯ ಕುವೆಂಪು ರಂಗಮಂದಿರದಂಥ ವೇದಿಕೆಗಳೂ ಭದ್ರಾವತಿಯ ಸಾಂಸ್ಕೃತಿಕ ಸಂಘಗಳೂ ಇಂಥ ತಂಡಗಳನ್ನು ಕರೆಸಿ, ನುಡಿಸುವುದರ ಜೊತೆಗೆ ತಮ್ಮ ವಾದನಕ್ರಮವನ್ನು ವಿವರಿಸಲೂ ಅವಕಾಶ ಕೊಟ್ಟರೆ, ಕಾರ್ಮಿಕರ ಬದುಕಿನಿಂದ ಮೂಡಿಬಂದ ಸಂಗೀತವೊಂದು ಅದನ್ನು ಅರಿಯಲು ಅರ್ಹರಾದ ಕೇಳುಗರನ್ನು ತಲುಪುತ್ತದೆ.