ರಿಗ್ಲಿ ಫೀಲ್ಡ್: ತಲೆಮಾರುಗಳು ಕೂತೆದ್ದ ಅಂಗಳ

ಷಿಕಾಗೊ ನಗರದ ಉತ್ತರ ಭಾಗದಲ್ಲಿ ಆ್ಯಡಿಸನ್ ಎಂಬ ರೈಲು ನಿಲ್ದಾಣವಿದೆ. ಕೆಲಸ ಮುಗಿಸಿ ಮನೆಗೆ ಹೊರಟವರು ರೈಲು ಅಲ್ಲಿಗೆ ಬರುತ್ತಿದ್ದಂತೆ ಕಿಟಕಿಯಾಚೆ ಕಣ್ಣು ಹಾಯಿಸುತ್ತಾರೆ. ಹತ್ತಿರದಲ್ಲೇ ಹಸಿರು ಬಣ್ಣದ ಹಳೆಯ ಸ್ಕೋರ್‌ಬೋರ್ಡ್, ಅದರ ನೆತ್ತಿಯ ಮೇಲೊಂದು ಬಾವುಟದ ಕಂಬ. ಬಿಳಿ ಬಾವುಟದ ಮೇಲೆ ನೀಲಿ ‘ಡಬ್ಲ್ಯು’ ಹಾರುತ್ತಿದ್ದರೆ ಊರಿನ ಬೇಸ್‌ಬಾಲ್ ತಂಡ ಷಿಕಾಗೊ ಕಬ್ಸ್ ಗೆದ್ದಿದೆ. ನೀಲಿ ಬಾವುಟದ ಮೇಲೆ ಬಿಳಿ ‘ಎಲ್’ ಇದ್ದರೆ ಸೋತಿದೆ. ಮೈದಾನಕ್ಕೆ ಬರಲಾಗದ ಪ್ರಯಾಣಿಕರಿಗೆ ಫಲಿತಾಂಶ ತಿಳಿಯಲಿ ಎಂದು ಶುರುವಾದ ಈ ಪದ್ಧತಿ, ಎಲ್ಲರ ಜೇಬಿನಲ್ಲೂ ಫೋನಿರುವ ಇವತ್ತಿಗೂ ನಿಂತಿಲ್ಲ.

ಈ ಅಂಗಳದ ಹೆಸರು ರಿಗ್ಲಿ ಫೀಲ್ಡ್. ಅಮೆರಿಕದ ಅತ್ಯುನ್ನತ ಬೇಸ್‌ಬಾಲ್ ಪಂದ್ಯಾವಳಿಯ ಮೈದಾನಗಳಲ್ಲಿ ಬಾಸ್ಟನ್ನಿನ ಫೆನ್‌ವೇ ಪಾರ್ಕ್ ಒಂದನ್ನು ಬಿಟ್ಟರೆ ಇದಕ್ಕಿಂತ ಹಳೆಯದು ಇಲ್ಲ. 1914ರಲ್ಲಿ ಇದನ್ನು ಕಟ್ಟಿಸಿದ್ದು ಚಾರ್ಲ್ಸ್ ವೀಗ್‌ಮನ್ ಎಂಬ ಹೋಟೆಲ್ ಉದ್ಯಮಿ, ಫೆಡರಲ್ ಲೀಗ್ ಎಂಬ ಬೇರೆಯೇ ಪಂದ್ಯಾವಳಿಯ ತನ್ನ ತಂಡಕ್ಕಾಗಿ. ಆ ಲೀಗ್ ಎರಡೇ ವರ್ಷಕ್ಕೆ ಮುಚ್ಚಿತು. 1916ರಲ್ಲಿ ಕಬ್ಸ್ ತಂಡ ಇಲ್ಲಿಗೆ ಬಂತು. ಆಮೇಲೆ ಚೂಯಿಂಗ್ ಗಮ್ ವ್ಯಾಪಾರದಲ್ಲಿ ಸಿರಿವಂತನಾದ ವಿಲಿಯಂ ರಿಗ್ಲಿ ತಂಡವನ್ನು ಕೊಂಡ. ಮೈದಾನಕ್ಕೆ ಅವನ ಹೆಸರು ನಿಂತಿತು.

ಕಬ್ಸ್ 1907 ಮತ್ತು 1908ರಲ್ಲಿ ಸಾಲಾಗಿ ಎರಡು ಬಾರಿ ವರ್ಲ್ಡ್ ಸೀರೀಸ್, ಅಂದರೆ ಚಾಂಪಿಯನ್ ಯಾರೆಂದು ನಿರ್ಧರಿಸುವ ಅಂತಿಮ ಸರಣಿ, ಗೆದ್ದ ತಂಡ. ಮೂರನೆಯ ಗೆಲುವು ಬಂದದ್ದು 2016ರಲ್ಲಿ, 108 ವರ್ಷಗಳ ನಂತರ. ಹದಿನೆಂಟು ವರ್ಷ ಕಾದು 2025ರಲ್ಲಿ ಕಪ್ ಕಂಡ ಆರ್‌ಸಿಬಿ ಅಭಿಮಾನಿಗಳಿಗೆ ಆ ಕಾಯುವಿಕೆ ಎಂಥದೆಂದು ಗೊತ್ತು. ಅದನ್ನು ಆರರಿಂದ ಗುಣಿಸಿದರೆ ಕಬ್ಸ್ ಅಭಿಮಾನಿಯ ಕಥೆ. ಅಷ್ಟು ದೀರ್ಘ ಕಾಲದಲ್ಲಿ ಅಜ್ಜ, ಮಗ, ಮೊಮ್ಮಗ ಮೂವರೂ ಒಂದೇ ಅಂಗಳದಲ್ಲಿ ಕೂತು, ಗೆಲುವು ಕಾಣದೆ ಕಣ್ಣುಮುಚ್ಚಿದ ಮನೆಗಳು ಎಷ್ಟೋ. ಆದರೂ ಜನ ಬಂದರು, ಮಕ್ಕಳನ್ನೂ ಕರೆತಂದರು. ಯಾಕೆ ಬಂದರು ಎಂಬುದಕ್ಕೆ ಉತ್ತರ ತಂಡದ ಆಟಕ್ಕಿಂತ ಹೆಚ್ಚಾಗಿ ಈ ಮೈದಾನದಲ್ಲಿದೆ ಎಂದು ನಾನು ನಂಬುತ್ತೇನೆ.

ಬೇಸ್‌ಬಾಲ್‌ನಲ್ಲಿ ಬ್ಯಾಟರ್ ಓಡಿ ಮುಟ್ಟಬೇಕಾದ ಬೇಸ್‌ಗಳ ನಡುವಿನ ಅಂತರ ಎಲ್ಲ ಕಡೆ ಒಂದೇ. ಆದರೆ ಹೊರಗಿನ ಗೋಡೆ ಎಷ್ಟು ದೂರ, ಎಷ್ಟು ಎತ್ತರ ಎಂಬುದು ಊರಿಂದೂರಿಗೆ ಬೇರೆ. ಹಾಗಾಗಿ ಪ್ರತಿ ಮೈದಾನಕ್ಕೂ ತನ್ನದೇ ಗುಣವಿರುತ್ತದೆ. ರಿಗ್ಲಿಯ ಗುಣ ನಿರ್ಧರಿಸುವುದು ಗಾಳಿ. ಮಿಷಿಗನ್ ಸರೋವರ ಇಲ್ಲಿಗೆ ಹತ್ತಿರ. ಗಾಳಿ ಸರೋವರದಿಂದ ಒಳಕ್ಕೆ ಬೀಸಿದರೆ ಗೋಡೆ ದಾಟಿ ಹೋಮ್ ರನ್ ಆಗಬೇಕಾದ ಚೆಂಡು ಫೀಲ್ಡರ್ ಕೈಗೆ ಬಂದು ಬೀಳುತ್ತದೆ. ಹೊರಕ್ಕೆ ಬೀಸಿದರೆ ಸಾಧಾರಣ ಹೊಡೆತವೂ ಗೋಡೆ ದಾಟುತ್ತದೆ. 1979ರ ಮೇ 17ರಂದು ಅಂಥ ಗಾಳಿಯಲ್ಲಿ ಫಿಲಡೆಲ್ಫಿಯಾ ತಂಡ ಕಬ್ಸನ್ನು 23-22ರಿಂದ ಸೋಲಿಸಿತು. ನಾಲ್ಕೈದು ರನ್ನಿಗೆ ಪಂದ್ಯ ಮುಗಿಯುವ ಆಟದಲ್ಲಿ ಇಂಥ ಅಂಕಿ! ಆಟ ನೋಡಲು ಬರುವ ಹಳಬರು ಮೊದಲು ಬಾವುಟಗಳು ಯಾವ ಕಡೆ ಹಾರುತ್ತಿವೆ ಎಂದು ನೋಡಿಯೇ ಕೂರುವುದು.

ಇನ್ನು ಆ ಗೋಡೆ. ಇಟ್ಟಿಗೆಯ ಹೊರಗೋಡೆಗೆ 1937ರಲ್ಲಿ ಬಳ್ಳಿ ನೆಡಿಸಿದವನು ಬಿಲ್ ವೀಕ್ ಎಂಬ ಯುವಕ. ಸೀಸನ್ ಶುರುವಾಗುವಾಗ ಬರೀ ಕಂದು ನಾರಿನಂತಿರುವ ಬಳ್ಳಿ ಜೂನ್ ಹೊತ್ತಿಗೆ ಗೋಡೆಯನ್ನೇ ಮುಚ್ಚುತ್ತದೆ. ನೋಟಕ್ಕೆ ಚೆಂದ ಅಷ್ಟೇ ಅಲ್ಲ, ಅದು ಆಟದೊಳಗೂ ಕೈಯಾಡಿಸುತ್ತದೆ. ಚೆಂಡು ಎಲೆಗಳ ನಡುವೆ ಸಿಕ್ಕಿಕೊಂಡರೆ ಫೀಲ್ಡರ್ ಎರಡೂ ಕೈ ಎತ್ತಿ ನಿಲ್ಲಬೇಕು. ಆಗ ಅಂಪೈರ್ ಬ್ಯಾಟರ್‌ಗೆ ಎರಡು ಬೇಸ್ ಕೊಟ್ಟು ಆಟ ನಿಲ್ಲಿಸುತ್ತಾನೆ. ಕೈ ಎತ್ತದೆ ಎಲೆಯೊಳಗೆ ತಡಕಾಡಲು ಹೋದರೋ, ಚೆಂಡು ಆಟದಲ್ಲೇ ಇದೆ ಎಂದು ಲೆಕ್ಕ, ಬ್ಯಾಟರ್ ಓಡುತ್ತಲೇ ಇರಬಹುದು. ಹೊರ ಊರಿನ ಆಟಗಾರರು ಇಲ್ಲಿ ಬಂದು ಎಡವುವುದು ಇದರಲ್ಲೇ.

ಬಳ್ಳಿ ನೆಟ್ಟ ವರ್ಷವೇ ಎದ್ದು ನಿಂತದ್ದು ಆ ಹಸಿರು ಸ್ಕೋರ್‌ಬೋರ್ಡ್. 75 ಅಡಿ ಅಗಲ, 27 ಅಡಿ ಎತ್ತರ. ಏಣಿ ಹತ್ತಿ ಅದರ ಹೊಟ್ಟೆಯೊಳಗೆ ಹೋಗಿ ಕೂರುವ ಕೆಲಸಗಾರರು ಪ್ರತಿ ಇನಿಂಗ್ಸ್ ಮುಗಿದಾಗ ಅಂಕಿಯ ತಗಡನ್ನು ಕೈಯಿಂದಲೇ ಕಿಂಡಿಗೆ ಸೇರಿಸುತ್ತಾರೆ. ಇಲ್ಲಿನ ಪಂದ್ಯವಷ್ಟೇ ಅಲ್ಲ, ಬೇರೆ ಊರುಗಳಲ್ಲಿ ಅದೇ ಹೊತ್ತಿಗೆ ನಡೆಯುತ್ತಿರುವ ಪಂದ್ಯಗಳ ಅಂಕಿಯನ್ನೂ ಬದಲಿಸುತ್ತಾರೆ. ಬೇಸಿಗೆಯ ಮಧ್ಯಾಹ್ನ ತಗಡಿನ ಪೆಟ್ಟಿಗೆಯೊಳಗಿನ ಸೆಕೆಯನ್ನು ಊಹಿಸಿಕೊಳ್ಳಿ. ಮೇಲಿನ ಹಗ್ಗಗಳಲ್ಲಿ ಪ್ರತಿ ತಂಡಕ್ಕೊಂದು ಪುಟ್ಟ ಬಾವುಟ. ಪಟ್ಟಿಯಲ್ಲಿ ಯಾರು ಮೇಲೆ, ಯಾರು ಕೆಳಗೆ ಎಂಬುದಕ್ಕೆ ತಕ್ಕಂತೆ ಬಾವುಟಗಳ ಸಾಲೂ ಬದಲಾಗುತ್ತದೆ. 2015ರಿಂದ ಭಾರಿ ವಿಡಿಯೊ ಪರದೆಗಳೂ ಬಂದಿವೆ. ಆದರೂ ಹಳೆಯ ಬೋರ್ಡು ತನ್ನ ಜಾಗದಲ್ಲಿದೆ, ಮತ್ತು ಅದು ಇರಲೇಬೇಕು.

ತಲೆಮಾರುಗಳನ್ನು ಈ ಅಂಗಳಕ್ಕೆ ಕಟ್ಟಿಹಾಕಿದ್ದು ಮಾತ್ರ ಇದಾವುದೂ ಅಲ್ಲ, ಹಗಲು. ಬೇರೆಲ್ಲ ಮೈದಾನಗಳಲ್ಲಿ ದೀಪ ಬಂದು ದಶಕಗಳು ಕಳೆದರೂ ಇಲ್ಲಿ 1988ರವರೆಗೆ ದೀಪದ ಕಂಬಗಳಿರಲಿಲ್ಲ. 1941ರಲ್ಲಿ ಆಗಿನ ಮಾಲೀಕ ಪಿ.ಕೆ. ರಿಗ್ಲಿ ದೀಪಗಳಿಗೆಂದು ಉಕ್ಕು ತರಿಸಿದ್ದ. ಅಷ್ಟರಲ್ಲಿ ಪರ್ಲ್ ಹಾರ್ಬರ್ ದಾಳಿಯಾಯಿತು, ಆತ ಅದನ್ನು ಯುದ್ಧಕ್ಕೆ ಕೊಟ್ಟುಬಿಟ್ಟ. ಆಮೇಲೆ ಮನಸ್ಸು ಮಾಡಲಿಲ್ಲ. ಹೀಗಾಗಿ ಪಂದ್ಯಗಳೆಲ್ಲ ಮಧ್ಯಾಹ್ನವೇ. ಮಧ್ಯಾಹ್ನ ಬಿಡುವಿರುವವರು ಯಾರು? ರಜೆಯಲ್ಲಿರುವ ಮಕ್ಕಳು, ನಿವೃತ್ತರಾದ ಅಜ್ಜ–ಅಜ್ಜಿ, ರಾತ್ರಿ ಪಾಳಿಯ ಕಾರ್ಮಿಕರು. ಅಜ್ಜ ಮೊಮ್ಮಗಳ ಕೈಹಿಡಿದು ಬರುವ ರೂಢಿ ಬೆಳೆದದ್ದು ಹೀಗೆ. ಕಬ್ಸ್ ಪಂದ್ಯಗಳನ್ನು ತೋರಿಸುತ್ತಿದ್ದ ಡಬ್ಲ್ಯುಜಿಎನ್ ಟಿವಿ ವಾಹಿನಿ ಉಪಗ್ರಹದ ಮೂಲಕ ದೇಶದ ತುಂಬ ಪ್ರಸಾರವಾಗತೊಡಗಿದಾಗ, ಶಾಲೆ ಬಿಟ್ಟು ಮನೆಗೆ ಬಂದ ದೂರದೂರಿನ ಮಕ್ಕಳ ಕಣ್ಣಿಗೆ ಬಿದ್ದದ್ದೂ ಬಿಸಿಲಿನಲ್ಲಿ ಹೊಳೆಯುವ ಇದೇ ಬಳ್ಳಿಗೋಡೆ.

ಕೊನೆಗೆ 1988ರ ಆಗಸ್ಟ್ 8ರ ಸಂಜೆ ದೀಪಗಳು ಬೆಳಗಿದವು. ಗುಂಡಿ ಒತ್ತಿದ್ದು ತಂಡದ ಮಾಲೀಕರಲ್ಲ, ಜೀವನವಿಡೀ ಕಬ್ಸ್‌ಗೆ ಅಂಟಿಕೊಂಡಿದ್ದ 91 ವರ್ಷದ ಒಬ್ಬ ಅಭಿಮಾನಿ. ನಾಲ್ಕನೇ ಇನಿಂಗ್ಸ್ ಹೊತ್ತಿಗೆ ಮಳೆ ಸುರಿದು ಪಂದ್ಯ ರದ್ದಾಯಿತು. ಅಧಿಕೃತವಾದ ಮೊದಲ ರಾತ್ರಿ ಪಂದ್ಯ ಮರುದಿನ ನಡೆದು, ಕಬ್ಸ್ ನ್ಯೂಯಾರ್ಕ್ ಮೆಟ್ಸನ್ನು 6-4ರಿಂದ ಸೋಲಿಸಿತು. ಈಗಲೂ ರಾತ್ರಿ ಪಂದ್ಯಗಳ ಸಂಖ್ಯೆಗೆ ನಗರಾಡಳಿತದ ಮಿತಿಯಿದೆ.

ಹಳೆಯ ಅಭಿಮಾನಿಯನ್ನು ಗುರುತಿಸುವುದು ಸುಲಭ, ತೊಡೆಯ ಮೇಲೊಂದು ಸ್ಕೋರ್‌ಕಾರ್ಡ್, ಕೈಯಲ್ಲಿ ಪೆನ್ಸಿಲ್. ಬೇಸ್‌ಬಾಲ್‌ನಲ್ಲಿ ಪ್ರತಿ ಫೀಲ್ಡಿಂಗ್ ಸ್ಥಾನಕ್ಕೂ ಒಂದು ಅಂಕಿ: ಚೆಂಡೆಸೆಯುವ ಪಿಚರ್ 1, ಕ್ಯಾಚರ್ 2, ಮೊದಲ ಬೇಸ್ 3, ಹೀಗೆ 9ರವರೆಗೆ. ಎರಡನೇ ಮತ್ತು ಮೂರನೇ ಬೇಸ್‌ಗಳ ನಡುವೆ ನಿಲ್ಲುವ ಶಾರ್ಟ್‌ಸ್ಟಾಪ್ (6) ಹಿಡಿದ ಚೆಂಡು ಎರಡನೇ ಬೇಸ್‌ಗೆ (4) ಹೋಗಿ ಅಲ್ಲಿಂದ ಮೊದಲನೆಯದಕ್ಕೆ ಬಂದು ಇಬ್ಬರು ಔಟಾದರೆ ಪುಟ್ಟ ಚೌಕದೊಳಗೆ 6-4-3 ಎಂದು ಬರೆಯುತ್ತಾರೆ. ಮೂರು ಸ್ಟ್ರೈಕಿಗೆ ಔಟಾದರೆ ‘ಕೆ’. ಬ್ಯಾಟ್ ಬೀಸದೆ ನಿಂತೇ ಔಟಾದರೆ ಆ ‘ಕೆ’ಯನ್ನು ತಿರುಗಿಸಿ ಬರೆಯುವುದು. ಒಂದು ಹಾಳೆಯಲ್ಲಿ ಇಡೀ ಪಂದ್ಯ ಉಳಿಯುತ್ತದೆ. ಮೂವತ್ತು ವರ್ಷದ ಹಿಂದಿನ ಹಾಳೆ ತೆಗೆದು ಓದಿದರೂ ಯಾರು ಯಾವಾಗ ಏನು ಮಾಡಿದರೆಂದು ಗೊತ್ತಾಗುತ್ತದೆ. 1908ರ ತಂಡದ ಹೆಸರಾಂತ ಮೂವರು ಟಿಂಕರ್, ಎವರ್ಸ್, ಚಾನ್ಸ್ ಆಡುತ್ತಿದ್ದದ್ದೂ ಇದೇ 6, 4, 3ರ ಸ್ಥಾನಗಳಲ್ಲಿ.

ಅಭಿಮಾನಿಗಳ ಪೈಕಿ ನನಗೆ ಅತ್ಯಂತ ಹತ್ತಿರದವನು ಸ್ಟೀವ್ ಗುಡ್‌ಮನ್. ಷಿಕಾಗೊದಲ್ಲೇ 1948ರಲ್ಲಿ ಹುಟ್ಟಿದ ಈ ಜಾನಪದ ಶೈಲಿಯ ಗಾಯಕ, ‘ಸಿಟಿ ಆಫ್ ನ್ಯೂ ಆರ್ಲಿಯನ್ಸ್’ ಎಂಬ ರೈಲಿನ ಹಾಡಿನಿಂದ ಅಮೆರಿಕದ ಮನೆಮಾತಾದವನು. ಇಪ್ಪತ್ತರ ಹರೆಯದಲ್ಲೇ ರಕ್ತದ ಕ್ಯಾನ್ಸರ್ ಇದೆ ಎಂದು ಗೊತ್ತಾಯಿತು. ಸಾವು ಹೆಗಲ ಮೇಲಿದೆ ಎಂದು ತಿಳಿದೇ ಹದಿನೈದು ವರ್ಷ ಹಾಡಿದ. ಸಾಯುತ್ತಿರುವ ಒಬ್ಬ ಕಬ್ಸ್ ಅಭಿಮಾನಿಯ ಕೊನೆಯ ಆಸೆಯನ್ನು ಕುರಿತು ಅವನು ಒಂದು ಹಾಡು ಕಟ್ಟಿದ. ಆ ಅಭಿಮಾನಿಗೆ ತನ್ನ ಅಂತ್ಯಸಂಸ್ಕಾರ ರಿಗ್ಲಿಯಲ್ಲೇ ಆಗಬೇಕು. ಸೋಲುಗಳ ಪಟ್ಟಿಯೇ ತುಂಬಿದ್ದ ಆ ಹಾಡು ತಂಡದ ಆಡಳಿತಕ್ಕೆ ಹಿಡಿಸಲಿಲ್ಲ ಎನ್ನುತ್ತಾರೆ. 1984ರಲ್ಲಿ ಡಬ್ಲ್ಯುಜಿಎನ್ ರೇಡಿಯೊ ಹೊಸದೊಂದನ್ನು ಕೇಳಿದಾಗ ಗುಡ್‌ಮನ್ ‘ಗೋ ಕಬ್ಸ್ ಗೋ’ ಬರೆದುಕೊಟ್ಟ.

ಆ ವರ್ಷ ಕಬ್ಸ್ ನಿಜವಾಗಿಯೂ ಚೆನ್ನಾಗಿ ಆಡಿತು. 1945ರ ನಂತರ ಮೊದಲ ಬಾರಿಗೆ ಪ್ಲೇಆಫ್ ತಲುಪಿದ್ದು ಸೆಪ್ಟೆಂಬರ್ 24ರಂದು. ಗುಡ್‌ಮನ್ ಸೆಪ್ಟೆಂಬರ್ 20ರಂದು ತೀರಿಕೊಂಡಿದ್ದ, 36ರ ವಯಸ್ಸಿಗೆ. ರಿಗ್ಲಿಯಲ್ಲಿ ನಡೆದ ಪ್ಲೇಆಫ್‌ನ ಮೊದಲ ಪಂದ್ಯದಲ್ಲಿ ಅವನು ಹಾಡಬೇಕಿದ್ದ ರಾಷ್ಟ್ರಗೀತೆಯನ್ನು ಗೆಳೆಯ ಜಿಮ್ಮಿ ಬಫೆಟ್ ಹಾಡಿದ. ಕೆಲವು ವರ್ಷಗಳ ನಂತರ ಆಪ್ತರು ಅವನ ಚಿತಾಭಸ್ಮದ ಒಂದು ಪಾಲನ್ನು ಈ ಮೈದಾನದಲ್ಲಿ ಚೆಲ್ಲಿದರು. ಇವತ್ತು ತವರಿನಲ್ಲಿ ಕಬ್ಸ್ ಗೆದ್ದಾಗಲೆಲ್ಲ ‘ಡಬ್ಲ್ಯು’ ಬಾವುಟದ ಕೆಳಗೆ ನಲವತ್ತು ಸಾವಿರ ಜನ ಎದ್ದು ನಿಂತು ಹಾಡುವುದು ಅವನ ಹಾಡನ್ನೇ.

ಆಟಗಾರರಲ್ಲೂ ಇಂಥ ಒಬ್ಬನಿದ್ದ. 1953ರಲ್ಲಿ ಕಬ್ಸ್ ಪರ ಆಡಿದ ಮೊದಲ ಕಪ್ಪು ಆಟಗಾರ ಅರ್ನಿ ಬ್ಯಾಂಕ್ಸ್ 19 ಸೀಸನ್ ಒಂದೇ ತಂಡದಲ್ಲಿದ್ದು 512 ಹೋಮ್ ರನ್ ಹೊಡೆದ, ಒಂದೂ ಪ್ಲೇಆಫ್ ಪಂದ್ಯ ಆಡಲಿಲ್ಲ. ಬಿಸಿಲು ಚೆನ್ನಾಗಿದೆ, ಇವತ್ತು ಎರಡು ಪಂದ್ಯ ಆಡೋಣ ಎನ್ನುತ್ತಿದ್ದವನು ಅವನು. 2015ರ ಜನವರಿಯಲ್ಲಿ ಹೋದ. ಇನ್ನೆರಡು ವರ್ಷ ಇದ್ದಿದ್ದರೆ ಕಪ್ ಕಾಣುತ್ತಿದ್ದ.

ಈ ಪ್ರೀತಿಗೆ ಕ್ರೂರ ಮುಖವೂ ಇದೆ. ಅದನ್ನು ಮುಚ್ಚಿಟ್ಟು ಬರೆಯಲಾಗದು. 2003ರ ಅಕ್ಟೋಬರ್ 14ರಂದು ಕಬ್ಸ್‌ಗೆ ವರ್ಲ್ಡ್ ಸೀರೀಸ್ ತಲುಪಲು ಐದೇ ಔಟ್ ಬಾಕಿಯಿತ್ತು, ತಂಡ 3-0 ಮುಂದಿತ್ತು. ಎಡಬದಿಯ ಗ್ಯಾಲರಿಯತ್ತ ಬಂದ ಚೆಂಡಿಗೆ ಹಲವರು ಕೈಚಾಚಿದರು. ತಾಗಿದ್ದು ಒಬ್ಬ ಯುವಕನ ಕೈಗೆ. ಕ್ಯಾಚ್ ತಪ್ಪಿತು. ಆಮೇಲೆ ತಂಡ ತಾನೇ ಎಡವಿ, ಸುಲಭದ ಚೆಂಡು ಬಿಟ್ಟು, ಆ ಇನಿಂಗ್ಸ್‌ನಲ್ಲಿ ಎಂಟು ರನ್ ಕೊಟ್ಟಿತು. ಜನರ ಸಿಟ್ಟು ಮಾತ್ರ ಆ ಯುವಕನ ಮೇಲೆ. ಬಿಯರ್ ಎರಚಿದರು, ಬೈದರು. ಭದ್ರತಾ ಸಿಬ್ಬಂದಿ ಅವನನ್ನು ಹೊರಗೆ ಕರೆದೊಯ್ಯಬೇಕಾಯಿತು. ಅವನೂ ಚಿಕ್ಕಂದಿನಿಂದ ಕಬ್ಸ್ ಅಭಿಮಾನಿಯೇ ಆಗಿದ್ದ. 2017ರಲ್ಲಿ ತಂಡ ಅವನಿಗೆ ಹಿಂದಿನ ವರ್ಷದ ಗೆಲುವಿನ ಚಾಂಪಿಯನ್‌ಶಿಪ್ ಉಂಗುರ ಕೊಟ್ಟಿತು. ಒಳ್ಳೆಯ ಕೆಲಸ, ಆದರೆ ಆ ಹೊತ್ತಿಗೆ ಹದಿನಾಲ್ಕು ವರ್ಷ ಅವನು ಮುಖ ಮರೆಸಿಕೊಂಡೇ ಬದುಕಿದ್ದ.

2016ರ ನವೆಂಬರ್ 2ರಂದು ಕ್ಲೀವ್‌ಲ್ಯಾಂಡ್‌ನಲ್ಲಿ ವರ್ಲ್ಡ್ ಸೀರೀಸ್‌ನ ಏಳನೆಯ, ಕೊನೆಯ ಪಂದ್ಯ. ಒಂಬತ್ತು ಇನಿಂಗ್ಸ್‌ಗೆ ಸಮ, ಹದಿನೇಳು ನಿಮಿಷ ಮಳೆ, ಹತ್ತನೆಯ ಇನಿಂಗ್ಸ್‌ನಲ್ಲಿ 8-7ರ ಗೆಲುವು. ಕೊನೆಯ ಔಟ್: ಮೂರನೇ ಬೇಸ್‌ನಿಂದ ಕ್ರಿಸ್ ಬ್ರಯಂಟ್ ಜಾರುತ್ತಲೇ ಎಸೆದ, ಮೊದಲ ಬೇಸ್‌ನಲ್ಲಿ ಆಂಥನಿ ರಿಜೊ ಹಿಡಿದ. ಸ್ಕೋರ್‌ಕಾರ್ಡಿನಲ್ಲಿ 5-3. ಆ ದಿನಗಳಲ್ಲಿ ಷಿಕಾಗೊದ ಜನ ಸೀಮೆಸುಣ್ಣ ಹಿಡಿದು ರಿಗ್ಲಿಯ ಹೊರಗೋಡೆಯ ಬಳಿ ಸೇರಿದರು. ಇಟ್ಟಿಗೆಗಳ ಮೇಲೆ ಬರೆದದ್ದು ಆಟಗಾರರ ಹೆಸರಿಗಿಂತ ಹೆಚ್ಚಾಗಿ ತೀರಿಹೋದ ಅಪ್ಪ, ಅಮ್ಮ, ಅಜ್ಜ, ಅಜ್ಜಿಯರ ಹೆಸರು. ಕೈಗೆಟಕುವ ಜಾಗ ತುಂಬಿದಾಗ ಒಬ್ಬರ ಹೆಗಲೇರಿ ಇನ್ನೊಬ್ಬರು ಬರೆದರು. ತಂಡದವರು ತಡೆಯಲಿಲ್ಲ. ಅಪ್ಪನ ಸಮಾಧಿಯ ಪಕ್ಕ ಕೂತೇ ಏಳನೆಯ ಪಂದ್ಯದ ಕಾಮೆಂಟರಿ ಕೇಳಬೇಕೆಂದು ನೂರಾರು ಮೈಲಿ ಕಾರು ಓಡಿಸಿದ ಮಗನೂ ಇದ್ದ. ನಗರದ ಬೊಹೀಮಿಯನ್ ನ್ಯಾಷನಲ್ ಸ್ಮಶಾನದಲ್ಲಿ ಕಬ್ಸ್ ಅಭಿಮಾನಿಗಳ ಚಿತಾಭಸ್ಮ ಇಡಲೆಂದೇ ರಿಗ್ಲಿಯಂತೆ ಬಳ್ಳಿ ಹಬ್ಬಿಸಿದ ಗೋಡೆಯೊಂದಿದೆ.

2020ರಲ್ಲಿ ರಿಗ್ಲಿ ಫೀಲ್ಡ್ ರಾಷ್ಟ್ರೀಯ ಐತಿಹಾಸಿಕ ಸ್ಮಾರಕವಾಯಿತು. ಮಕ್ಕಳ ಮನೆಗೆಂದು ಬೇಸಿಗೆಯಲ್ಲಿ ಅಮೆರಿಕಕ್ಕೆ ಹೋಗುವ ನಮ್ಮ ಹಿರಿಯರು ಬಹಳ. ಮಾರ್ಚ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಬೇಸ್‌ಬಾಲ್ ಸೀಸನ್, ತವರಿನಲ್ಲಿ 81 ಪಂದ್ಯ. ಷಿಕಾಗೊಗೆ ಹೋದರೆ ಮಧ್ಯಾಹ್ನದ ಪಂದ್ಯವೊಂದಕ್ಕೆ ಹೊರಟುಬಿಡಿ. ಏಪ್ರಿಲ್ ಆದರೆ ಸ್ವೆಟರ್ ಬೇಕೇಬೇಕು. ಬಳ್ಳಿಗೋಡೆಯ ಮೇಲಿನ ಬ್ಲೀಚರ್ ಬೆಂಚುಗಳಿಗೆ ಸೀಟ್ ನಂಬರ್ ಇಲ್ಲ, ಬೇಗ ಹೋದವರಿಗೆ ಒಳ್ಳೆಯ ಜಾಗ. ಎದುರಾಳಿ ಹೊಡೆದ ಹೋಮ್ ರನ್ ಚೆಂಡು ನಿಮ್ಮ ಕೈಗೆ ಸಿಕ್ಕರೆ ಇಟ್ಟುಕೊಳ್ಳಬೇಡಿ, ಮೈದಾನಕ್ಕೆ ವಾಪಸ್ ಎಸೆಯಿರಿ. ಇಲ್ಲಿನ ಪದ್ಧತಿ ಅದು. ಏಳನೇ ಇನಿಂಗ್ಸ್ ನಡುವೆ ಎಲ್ಲರೂ ಎದ್ದು ಹಾಡುವಾಗ ನೀವೂ ಎದ್ದು ನಿಲ್ಲಿ. ಪಕ್ಕದಲ್ಲಿ ಪೆನ್ಸಿಲ್ ಹಿಡಿದು ಕೂತ ಅಜ್ಜನನ್ನೋ ಅಜ್ಜಿಯನ್ನೋ, ನಿಮ್ಮನ್ನು ಮೊದಲು ಇಲ್ಲಿಗೆ ಕರೆತಂದವರು ಯಾರು ಎಂದು ಕೇಳಿ ನೋಡಿ. ಉತ್ತರ ಮುಗಿಯುವಷ್ಟರಲ್ಲಿ ಎರಡು ಇನಿಂಗ್ಸ್ ಕಳೆದಿರುತ್ತದೆ.